ವಿದ್ಯಾರ್ಥಿಗಳ ಬರಹ ಅಳೆಯುವುದು ಹೇಗೆ: ನಲವತ್ತು ಹಾಳೆಯ ಕಟ್ಟಿಗೊಂದು ಮಾರ್ಗದರ್ಶಿ

"ಸರ, ತಪ್ಪು ಭಾಳ ಅದಾವ, ಆದ್ರ ಹುಡುಗಿ ಛಲೋ ಬರದಾಳ. ಎಷ್ಟ ಕೊಡ್ಲಿ?"

ಧಾರವಾಡ, ಗದಗ, ಹಾವೇರಿ ಕಡೆಯ ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಒಂದೇ ಹಾಳೆಯ ಝೆರಾಕ್ಸ್ ಎಲ್ಲರಿಗೂ ಹಂಚಿ 5ಕ್ಕೆ ಅಂಕ ಹಾಕಿ ಎಂದರೆ ಒಬ್ಬರಿಂದ ಒಂದೂವರೆ ಬರುತ್ತದೆ, ಪಕ್ಕದವರಿಂದ ನಾಲ್ಕು. ಇಬ್ಬರೂ ಅನುಭವಸ್ಥರೇ, ಇಬ್ಬರಿಗೂ ಕನ್ನಡ ಚೆನ್ನಾಗಿಯೇ ಬರುತ್ತದೆ. ಅವರು ಎಡವುವುದು ಕೆಲಸದ ಅನುಕ್ರಮದಲ್ಲಿ. ಕೆಂಪು ಪೆನ್ನು ಹಿಡಿದುಕೊಂಡೇ ಓದಲು ಕೂರುತ್ತಾರೆ. ಪೆನ್ನು ಕೈಯಲ್ಲಿದ್ದರೆ ಕಣ್ಣು ಕಾಗುಣಿತದ ಮೇಲೆಯೇ ಹರಿದಾಡುತ್ತದೆ. ಮಗು ಏನು ಹೇಳಿತು ಎಂಬುದು ತಲೆಗೆ ಹೋಗುವ ಮೊದಲೇ ಹಾಳೆ ತುಂಬ ಕೆಂಪು ಗೆರೆ ಬಿದ್ದಿರುತ್ತದೆ, ಆಮೇಲೆ ಆ ಗೆರೆಗಳನ್ನು ನೋಡಿಯೇ ಅಂಕ ಹಾಕುತ್ತೇವೆ.

ತಿದ್ದುವುದು ಬೇರೆ, ಅಳೆಯುವುದು ಬೇರೆ. ಇಲ್ಲಿ ಹೇಳುವುದು ಅಳೆಯುವ ಕೆಲಸದ ಬಗ್ಗೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಬೇಕಾಗುವ ಸಾಮಾನು

ಪೆನ್ಸಿಲ್, ಹಸಿರು ಪೆನ್ನು, ರಬ್ಬರ್ ಬ್ಯಾಂಡು, ಒಂದು ದೊಡ್ಡ ಹಾಳೆ (ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು), ಸಮಯ ನೋಡಲು ಮೊಬೈಲು. ನಲವತ್ತು ಹಾಳೆ ಹರಡಿ ಗುಡ್ಡೆ ಮಾಡುವಷ್ಟು ಅಗಲದ ಮೇಜು ಅಥವಾ ನೆಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಕಟ್ಟಿಟ್ಟುಕೊಂಡು ಅಂಕ ಹಾಕುವವರನ್ನು ನೋಡಿದ್ದೇನೆ. ನಾನೂ ಹಾಕಿದ್ದೇನೆ. ನವನಗರ ದಾಟುವ ಹೊತ್ತಿಗೆ ಎಲ್ಲರಿಗೂ ಮೂರು ಬೀಳತೊಡಗುತ್ತದೆ.

ಕೆಂಪು ಪೆನ್ನನ್ನು ಡ್ರಾವರಿನಲ್ಲಿಡಿ. ಏಳನೇ ಹಂತದವರೆಗೂ ಅದರ ಕೆಲಸವಿಲ್ಲ.

## ಹಂತ 1: ಮೊದಲು ಪ್ರಶ್ನೆಯನ್ನೇ ತೂಗಿ

"ಸಂತೆಯ ಮಹತ್ವ ಕುರಿತು ಪ್ರಬಂಧ ಬರೆಯಿರಿ" ಎಂದು ಕೇಳಿದರೆ ಗೈಡಿನಲ್ಲಿದ್ದದ್ದೇ ಬರುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ತಲೆಬರಹ, ಅವುಗಳ ಕೆಳಗೆ ಯಾರದೋ ಮಾತು. ಇದಕ್ಕೆ ಮಕ್ಕಳನ್ನು ಬೈಯುವಂತಿಲ್ಲ, ಕೇಳಿದ್ದೇ ಹಾಗೆ.

ಪ್ರಶ್ನೆಯಲ್ಲಿ ಮೂರು ಸಂಗತಿ ಇರಲೇಬೇಕು. ಯಾವುದರ ಬಗ್ಗೆ, ಯಾರಿಗಾಗಿ, ಎಷ್ಟು. ಉದಾಹರಣೆಗೆ: "ನೀನು ಹೋಗಿದ್ದ ಒಂದು ಸಂತೆ ಅಥವಾ ಮಾರುಕಟ್ಟೆಯ ದಿನವನ್ನು, ಅಲ್ಲಿಗೆ ಎಂದೂ ಹೋಗದ ಗೆಳೆಯನಿಗೆ ತಿಳಿಯುವಂತೆ ಒಂದು ಪುಟದಲ್ಲಿ ಬರೆ." ಬ್ಯಾಡಗಿಯ ಮಗು ಮೆಣಸಿನಕಾಯಿ ಮಾರುಕಟ್ಟೆಯನ್ನು ಬರೆಯುತ್ತದೆ, ಹುಬ್ಬಳ್ಳಿಯದು ದುರ್ಗದ ಬೈಲನ್ನು ಬರೆಯುತ್ತದೆ. ಪಂಚಮಿ ಬಗ್ಗೆ ಕೇಳುವುದಾದರೂ "ನಾಗರ ಪಂಚಮಿಯ ಮಹತ್ವ" ಬೇಡ. "ಈ ಸಲದ ಪಂಚಮಿಯಲ್ಲಿ ನಿಮ್ಮ ಮನೆಯ ಜೋಕಾಲಿ ಎಲ್ಲಿ ಕಟ್ಟಿದಿರಿ, ಯಾರು ಕಟ್ಟಿದರು, ಏನಾಯಿತು" ಎಂದು ಕೇಳಿ.

ಈಗಾಗಲೇ ಬರೆಸಿಬಿಟ್ಟ ಕಟ್ಟು ಕೈಯಲ್ಲಿದ್ದರೆ, ಪ್ರಶ್ನೆಯನ್ನು ದೊಡ್ಡ ಹಾಳೆಯ ನೆತ್ತಿಗೆ ಬರೆದುಕೊಳ್ಳಿ. ಕೇಳದೇ ಇದ್ದದ್ದಕ್ಕೆ ಅಂಕ ಕಡಿಯುವ ಚಾಳಿ ಅದರಿಂದ ಅರ್ಧ ತಗ್ಗುತ್ತದೆ.

## ಹಂತ 2: ಅಳತೆಗೋಲು ಬರೆದಿಟ್ಟುಕೊಳ್ಳಿ

ಹಾಳೆ ಮುಟ್ಟುವ ಮೊದಲೇ ಇದು ಆಗಬೇಕು. ಅರ್ಧ ಕಟ್ಟು ನೋಡಿದ ಮೇಲೆ ಬರೆದ ಅಳತೆಗೋಲು ಮೊದಲು ಓದಿದ ಜಾಣ ಹುಡುಗನ ಅಳತೆಗೇ ಹೊಲಿದ ಅಂಗಿಯಾಗುತ್ತದೆ.

ನಾಲ್ಕು ಗುಣ, ಪ್ರತಿಯೊಂದಕ್ಕೂ 1ರಿಂದ 4ರವರೆಗೆ ಮಟ್ಟ. ಹುರುಳು, ಎಂದರೆ ಹೇಳಿದ ಸಂಗತಿ. ಜೋಡಣೆ, ಎಂದರೆ ಯಾವುದರ ಬೆನ್ನಿಗೆ ಯಾವುದು. ಮಾತು, ಎಂದರೆ ಪದಗಳ ಆಯ್ಕೆ ಮತ್ತು ವಾಕ್ಯದ ಓಟ. ಶುದ್ಧಿ, ಎಂದರೆ ಕಾಗುಣಿತ, ಒತ್ತಕ್ಷರ, ಚಿಹ್ನೆ, ಕ್ರಿಯಾಪದದ ಹೊಂದಾಣಿಕೆ. ಹುರುಳನ್ನು ಮಾತ್ರ ಎರಡರಿಂದ ಗುಣಿಸಿ. ಒಟ್ಟು 20 ಆಗುತ್ತದೆ. 5 ಅಂಕದ ಪ್ರಬಂಧವಾದರೆ ನಾಲ್ಕರಿಂದ ಭಾಗಿಸಿದರಾಯಿತು. ಈ ಲೆಕ್ಕದಲ್ಲಿ ಶುದ್ಧಿಗೆ ಸಿಗುವುದು ಐದನೇ ಒಂದು ಪಾಲು. ಕಡಿಮೆಯಾಯಿತು ಅನ್ನುವವರು ಹಳೆಯ ಹಾಳೆಗಳನ್ನು ತೆಗೆದು ನೋಡಿ: ನೀವು ಹಾಕಿದ ಗುರುತುಗಳಲ್ಲಿ ಕಾಗುಣಿತವಲ್ಲದ್ದು ಎಷ್ಟಿವೆ?

ಪ್ರತಿ ಮಟ್ಟಕ್ಕೂ ಒಂದು ಸಾಲಿನ ವಿವರ ಬೇಕು. "ಉತ್ತಮ, ಸಾಧಾರಣ" ಎಂದು ಬರೆದರೆ ಏನೂ ಬರೆಯದಂತೆಯೇ. ಹುರುಳಿಗೆ ನಾನು ಬರೆದುಕೊಳ್ಳುವುದು ಹೀಗೆ:

4 – ಬರೆದವರೇ ಕಂಡದ್ದು, ಕೇಳಿದ್ದು ಇದೆ. ಬೇರೆ ಊರಿನ ಸಂತೆಗೆ ಇದನ್ನು ಅಂಟಿಸಲು ಬರುವುದಿಲ್ಲ.
3 – ಸ್ವಂತದ ವಿವರ ಎರಡು ಮೂರು ಇವೆ, ನಡುನಡುವೆ ಎಲ್ಲರೂ ಆಡುವ ಮಾತು.
2 – ವಿಷಯ ಬಿಟ್ಟು ಹೋಗಿಲ್ಲ, ಆದರೆ ಯಾವ ಊರಿಗೂ ಸಲ್ಲುವಂಥದ್ದು.
1 – ವಿಷಯ ತಪ್ಪಿದೆ, ಇಲ್ಲವೇ ಬಾಯಿಪಾಠ.

ಉಳಿದ ಮೂರು ಗುಣಗಳಿಗೆ ನಿಮ್ಮ ತರಗತಿ ನೋಡಿಕೊಂಡು ನೀವೇ ಬರೆದುಕೊಳ್ಳಿ. ಏಳನೆಯದಕ್ಕೂ ಹತ್ತನೆಯದಕ್ಕೂ ಒಂದೇ ಸಾಲು ಹೊಂದದು.

## ಹಂತ 3: ಹೆಸರು ಮಡಚಿ, ಕಟ್ಟು ಕಲಸಿ

ಹೆಸರಿರುವ ಮೂಲೆಯನ್ನು ಹಿಂದಕ್ಕೆ ಮಡಚಿ. ಹಾಜರಿ ಪಟ್ಟಿಯ ಕ್ರಮದಲ್ಲಿ ಜೋಡಿಸಿದ್ದರೆ ಇಸ್ಪೀಟಿನ ಎಲೆಯಂತೆ ಕಲಸಿ. ಮೊದಲ ಬೆಂಚಿನ ಹುಡುಗಿಯ ಹಾಳೆಯಲ್ಲಿ ನಾವು ತಪ್ಪು ಕಾಣುವುದಿಲ್ಲ, ಕೊನೆಯ ಬೆಂಚಿನವನ ಹಾಳೆಯಲ್ಲಿ ಒಳ್ಳೆಯದು ಕಾಣುವುದಿಲ್ಲ. ಅದ್ಭುತವಾದ ಹಾಳೆಯ ಬೆನ್ನಿಗೇ ಬಂದ ಸಾಧಾರಣ ಹಾಳೆಗೂ ಪಾಪ, ತನ್ನ ಯೋಗ್ಯತೆಗಿಂತ ಕಡಿಮೆಯೇ ಸಿಗುತ್ತದೆ.

ಅಕ್ಷರ ನೋಡಿ ಯಾರದೆಂದು ಗೊತ್ತಾಗುತ್ತದಲ್ಲ ಎಂದು ಕೇಳುತ್ತಾರೆ. ಹೌದು, ಸುಮಾರು ಜನರದ್ದು ಗೊತ್ತಾಗುತ್ತದೆ. ಅದಕ್ಕೆ ಮದ್ದು ಎಂಟನೇ ಹಂತದಲ್ಲಿದೆ.

## ಹಂತ 4: ಪೆನ್ನಿಲ್ಲದ ಮೊದಲ ಓದು

ಕೈಯಲ್ಲಿ ಏನೂ ಇರಬಾರದು. ಒಂದು ಹಾಳೆಗೆ ಎರಡು ನಿಮಿಷ, ನಲವತ್ತು ಹಾಳೆಗೆ ಒಂದು ತಾಸು ಇಪ್ಪತ್ತು ನಿಮಿಷ. ಅರ್ಧಕ್ಕೆ ನಿಲ್ಲಿಸಿ ಚಹಾ ಕುಡಿಯಿರಿ. ಓದಿ ಮೂರು ಗುಡ್ಡೆ ಮಾಡಿ: ಮತ್ತೊಮ್ಮೆ ಓದಬೇಕು ಅನ್ನಿಸಿದ್ದು, ಓದಿ ಮುಗಿಯಿತು ಅನ್ನಿಸಿದ್ದು, ಓದಲು ಕಷ್ಟವಾದದ್ದು. ಅಂಕದ ಯೋಚನೆ ಇನ್ನೂ ಬೇಡ.

ಈ ಹಂತವನ್ನು ಹಾರಿಸುವವರೇ ಬಹಳ. "ಎರಡೆರಡ ಸಲ ಓದಾಕ ಟೈಮ್ ಎಲ್ಲೈತ್ರಿ?" ಅನ್ನುತ್ತಾರೆ. ಗುಡ್ಡೆ ಮಾಡಿಕೊಂಡವರಿಗೆ ಅಂಕ ಹಾಕುವಾಗ ತಡವರಿಸುವ ಹೊತ್ತು ಉಳಿಯುತ್ತದೆ. ಒಟ್ಟು ಲೆಕ್ಕದಲ್ಲಿ ನನಗಂತೂ ಹೆಚ್ಚು ಸಮಯ ಹಿಡಿದಿಲ್ಲ.

ಎರಡು ಹಾಳೆ ಹತ್ತಿರದಿಂದ ನೋಡೋಣ. ಎರಡೂ ಏಳನೇ ತರಗತಿಯ ಮಟ್ಟದವು, ಮೇಲಿನ ಸಂತೆಯ ಪ್ರಶ್ನೆಗೆ ಬರೆದವು. ಅಕ್ಷರ ಇದ್ದ ಹಾಗೆಯೇ ಕೊಟ್ಟಿದ್ದೇನೆ.

ಮೊದಲನೆಯದು:

"ಸಂತೆಯು ಮಾನವನ ಜೀವನದಲ್ಲಿ ಮಹತ್ವದ ಸ್ಥಾನವನ್ನು ಪಡೆದಿದೆ. ಸಂತೆಯಿಂದ ನಮಗೆ ಅನೇಕ ಪ್ರಯೋಜನಗಳಿವೆ. ಸಂತೆಗೆ ಹಲವಾರು ಜನರು ಬರುತ್ತಾರೆ. ಆದ್ದರಿಂದ ನಾವೆಲ್ಲರೂ ಸಂತೆಯ ಮಹತ್ವವನ್ನು ಅರಿತುಕೊಳ್ಳಬೇಕು."

ಎರಡನೆಯದು:

"ನಮ್ಮಪ್ಪ ಮೆಣಸಿನಕಾಯಿ ಚೀಲ ತಗೊಂಡು ಬ್ಯಾಡಗಿಗೆ ಹೋದರು. ನಾನು ಸಂಗಡ ಹೋದೆ. ಅಲ್ಲಿ ಎಲ್ಲಾರು ಸೀನತಿದ್ದರು. ಒಬ್ಬ ಮನುಶ್ಯ ಚೀಲದಾಗ ಕೈ ಹಾಕಿ ಮೂಸಿ ನೋಡಿದ. ಅಪ್ಪ ಅವನ ಮುಖ ನೋಡತಿದ್ದರು ಮೆಣಸಿನಕಾಯಿ ನೋಡಲಿಲ್ಲ. ಬರುವಾಗ ಬಸಿನಾಗ ಅಪ್ಪ ಮಾತಾಡಲಿಲ್ಲ. ನನಗ ದರ ಗೊತ್ತಾತು."

ಮೊದಲನೆಯದರಲ್ಲಿ ಒಂದೂ ಕಾಗುಣಿತ ತಪ್ಪಿಲ್ಲ. ಈಗ ಅದರಲ್ಲಿ "ಸಂತೆ" ಇರುವ ಕಡೆಯೆಲ್ಲ "ಗ್ರಂಥಾಲಯ" ಎಂದು ಓದಿ ನೋಡಿ. ಏನೂ ಕೆಡಲಿಲ್ಲ, ಅಲ್ಲವೇ? ಬಾಯಿಪಾಠ ಹಿಡಿಯಲು ಇದಕ್ಕಿಂತ ಸುಲಭದ ಉಪಾಯ ನನಗೆ ಗೊತ್ತಿಲ್ಲ. ಎರಡನೆಯದರಲ್ಲಿ ಹಾಗೆ ಬದಲಿಸಲು ಹೋದರೆ ಒಂದು ಸಾಲೂ ನಿಲ್ಲುವುದಿಲ್ಲ. ಆ ಹಾಳೆಯ ಹಿಂದಿರುವ ಮಗು ಅಪ್ಪ ಎತ್ತ ನೋಡುತ್ತಿದ್ದಾನೆ ಎಂಬುದನ್ನು ನೋಡಿದೆ.

ಇಂಥದ್ದೊಂದು ಹಾಳೆಗೆ ಒಮ್ಮೆ ನಾನು 5ಕ್ಕೆ 2 ಹಾಕಿ ಕಳಿಸಿದ್ದುಂಟು. ಏಳು ಕೆಂಪು ಗೆರೆ ಎಳೆದಿದ್ದೆ, ಕೊನೆಯ ಸಾಲು ಓದಿದ ನೆನಪೇ ಇರಲಿಲ್ಲ.

## ಹಂತ 5: ಮಾದರಿ ಹಾಳೆಗಳನ್ನು ಆರಿಸಿ

ಮೂರು ಗುಡ್ಡೆಯಿಂದಲೂ ಒಂದೊಂದು ಹಾಳೆ, ನಡುವಿನದರಿಂದ ಎರಡು. ಒಟ್ಟು ನಾಲ್ಕು. ಇವಕ್ಕೆ ಮೊದಲು ಅಂಕ ಹಾಕಿ, ಕಣ್ಣಿಗೆ ಕಾಣುವಂತೆ ಎದುರಿಗಿಡಿ. ಮುಂದಿನ ಪ್ರತಿ ಹಾಳೆಯನ್ನೂ ಇವುಗಳ ಪಕ್ಕದಲ್ಲಿಟ್ಟು ನೋಡಿ. ದಣಿವಾದಾಗ ಅಳತೆಗೋಲಿನ ಸಾಲುಗಳ ಅರ್ಥ ಮನಸ್ಸಿನಲ್ಲೇ ಜಾರುತ್ತಾ ಹೋಗುತ್ತದೆ, ಮಾದರಿ ಹಾಳೆ ಜಾರುವುದಿಲ್ಲ.

## ಹಂತ 6: ಒಂದು ಗುಣ ಹಿಡಿದು ಇಡೀ ಕಟ್ಟು ಮುಗಿಸಿ

ಒಂದು ಹಾಳೆ ತೆಗೆದುಕೊಂಡು ನಾಲ್ಕೂ ಗುಣಗಳಿಗೆ ಅಂಕ ಹಾಕಿ ಮುಂದಿನದಕ್ಕೆ ಹೋಗುವುದು ರೂಢಿ. ಅದನ್ನು ಬಿಡಿ. ಮೊದಲು ನಲವತ್ತಕ್ಕೂ ಹುರುಳಿನ ಮಟ್ಟ ಮಾತ್ರ ಹಾಕಿ, ಆಮೇಲೆ ಕಟ್ಟು ತಿರುಗಿಸಿ ಜೋಡಣೆ, ಆಮೇಲೆ ಮಾತು. ಶುದ್ಧಿ ಕೊನೆಗೆ. ಪೆನ್ಸಿಲಿನಲ್ಲಿ, ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಹೀಗೆ ಮಾಡಿದರೆ ಕಾಗುಣಿತದ ಸಿಟ್ಟು ಹುರುಳಿನ ಮೇಲೆ ತೀರುವುದಿಲ್ಲ.

ನಮ್ಮ ಕಡೆ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು "ಮಾತು" ಎಂಬ ಗುಣದಲ್ಲಿ. "ಚೀಲದಾಗ" ತಪ್ಪೇ? "ನನಗ ಗೊತ್ತಾತು" ತಪ್ಪೇ? ನನ್ನ ನಿಲುವು ಹೀಗಿದೆ. ಮಗು ತನ್ನ ಅನುಭವ ಹೇಳುತ್ತಿದ್ದರೆ, ಅಥವಾ ಯಾರದಾದರೂ ಆಡುಮಾತನ್ನು ಉದ್ಧರಿಸುತ್ತಿದ್ದರೆ, ಮನೆಯ ಕನ್ನಡಕ್ಕೆ "ಮಾತು" ಗುಣದಲ್ಲಿ ಚೂರೂ ಕಡಿಯಬಾರದು. ಮುಖ್ಯೋಪಾಧ್ಯಾಯರಿಗೆ ರಜೆ ಅರ್ಜಿಯೋ, ಗ್ರಾಮ ಪಂಚಾಯಿತಿಗೆ ಕುಡಿಯುವ ನೀರಿನ ದೂರೋ ಬರೆಯುತ್ತಿದ್ದರೆ ಗ್ರಾಂಥಿಕ ರೂಪ ಬೇಕು. ಅಲ್ಲಿ "ನೀರ ಬರವಲ್ದು" ಎಂದು ಬರೆದರೆ ಕಡಿಯಬೇಕು. ಏಕೆಂದರೆ ಯಾರಿಗೆ ಬರೆಯುತ್ತಿದ್ದೇನೆ ಎಂಬುದು ಮಗುವಿಗೆ ಮರೆತಿದೆ. ಒಂದೇ ಹಾಳೆಯಲ್ಲಿ ಒಮ್ಮೆ "ಬಂದರು", ಮರುಸಾಲಿನಲ್ಲಿ "ಬಂದ್ರು", ಅದರಾಚೆ "ಆಗಮಿಸಿದರು" ಎಂದು ಕಾರಣವಿಲ್ಲದೆ ಹೊಯ್ದಾಡಿದರೆ ಆಗಲೂ ಮಟ್ಟ ಇಳಿಸಿ.

ಲಂಬಾಣಿ, ಉರ್ದು, ಮರಾಠಿ ಮನೆಮಾತಿನ ಮಕ್ಕಳ ಹಾಳೆ ಓದುವಾಗ ಇನ್ನೊಂದು ಎಚ್ಚರ. ಕನ್ನಡದ ಮನೆಗಳಲ್ಲಿ ಕಿವಿಗೆ ಬಿದ್ದು ಬಂದಿರುವ ವಿಭಕ್ತಿ, ಲಿಂಗ, ವಚನ ಇವರಿಗೆ ಶಾಲೆಯಲ್ಲೇ ಸಿಗಬೇಕು. ಆ ತಪ್ಪುಗಳನ್ನು ಶುದ್ಧಿಯ ಖಾನೆಗೆ ಹಾಕಿ, ಹುರುಳಿನ ಖಾನೆಗೆ ಸೋರಲು ಬಿಡಬೇಡಿ.

## ಹಂತ 7: ತಪ್ಪು ಎಣಿಸುವಾಗ ಬಗೆಯನ್ನು ಎಣಿಸಿ, ಸಲವನ್ನಲ್ಲ

ಈಗ ಬೇಕಾದರೆ ಕೆಂಪು ಪೆನ್ನು ತೆಗೆಯಿರಿ. ನಾನು ಹಸಿರಿನಲ್ಲೇ ಮುಗಿಸುತ್ತೇನೆ.

"ಮನಿ" ಎಂದು ಒಂಬತ್ತು ಸಲ ಬರೆದಿದ್ದರೆ ಅದು ಒಂದು ತಪ್ಪು, ಒಂಬತ್ತಲ್ಲ. ಮೇಲಾಗಿ ಅದು ಅಡ್ಡಾದಿಡ್ಡಿ ತಪ್ಪೂ ಅಲ್ಲ. ಮನೆ, ಶಾಲೆ, ಬೆಳೆ ಎಂಬ ಪದಗಳ ಕೊನೆಯ ಎಕಾರ ನಮ್ಮ ಬಾಯಲ್ಲಿ ಇಕಾರವಾಗುತ್ತದೆ: ಮನಿ, ಶಾಲಿ, ಬೆಳಿ. ಮಗು ಕೇಳಿದ್ದನ್ನು ನಿಯಮಬದ್ಧವಾಗಿಯೇ ಬರೆದಿದೆ. ಇಂಥದ್ದಕ್ಕೆ ಒಂದು ಪಿರಿಯಡ್ ಕೊಟ್ಟು ಆ ನಿಯಮ ತೋರಿಸಿದರೆ ಒಟ್ಟಿಗೇ ಹತ್ತಾರು ಪದ ಸರಿಯಾಗುತ್ತವೆ.

ಮಹಾಪ್ರಾಣದ್ದು ಬೇರೆ ಜಾತಿ. "ಬಾಷೆ", "ವಿದ್ಯಾರ್ತಿ", "ದಾರವಾಡ". ದಿನದ ಮಾತಿನಲ್ಲಿ ಭ, ಥ, ಧ ಅಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ. ಶ, ಷಗಳ ಗೊಂದಲವೂ ("ಮನುಶ್ಯ") ಹೀಗೆಯೇ. ಇಲ್ಲಿ ಕಿವಿಯನ್ನು ನಂಬುವಂತಿಲ್ಲ, ಕಣ್ಣಿನಿಂದ ಕಲಿಯಬೇಕು. ಅದಕ್ಕೆ ಹಿಡಿಯುವುದು ತಿಂಗಳುಗಟ್ಟಲೆ ಓದು.

ಇನ್ನು ಅರ್ಥವನ್ನೇ ಕೆಡಿಸುವ ತಪ್ಪುಗಳು. ಒತ್ತಕ್ಷರ ಬಿಟ್ಟು "ಹಳ್ಳಿ"ಯನ್ನು "ಹಳಿ" ಮಾಡುವುದು, "ನಾವು ಹೋದೆನು" ಎಂದು ಕರ್ತೃ ಒಂದು ಕಡೆ ಕ್ರಿಯಾಪದ ಒಂದು ಕಡೆ ಎಳೆಯುವುದು, ಅರ್ಧ ಪುಟದುದ್ದಕ್ಕೂ ಪೂರ್ಣವಿರಾಮವೇ ಇಲ್ಲದಿರುವುದು. ಓದುಗ ನಿಂತು ಮತ್ತೆ ಓದಬೇಕಾಗುವಂತೆ ಮಾಡಿದ ತಪ್ಪಿಗೆ ಹೆಚ್ಚು ತೂಕ, ಓಟ ತಡೆಯದ ತಪ್ಪಿಗೆ ಕಡಿಮೆ.

ಮೆಣಸಿನಕಾಯಿ ಹಾಳೆಗೆ ಶುದ್ಧಿಯಲ್ಲಿ ನಾನು ಕೊಟ್ಟದ್ದು 2. "ಮನುಶ್ಯ", "ಬಸಿನಾಗ"ದಲ್ಲಿ ಬಿಟ್ಟುಹೋದ ಒತ್ತು, "ಮುಖ ನೋಡತಿದ್ದರು" ಆದಮೇಲೆ ಇರಬೇಕಿದ್ದ ಅಲ್ಪವಿರಾಮ. ಹುರುಳು 4, ಗುಣಿಸಿದರೆ 8. ಮಾತು 3. ಜೋಡಣೆಯ ಅಂಕದ ಮಾತು ಮುಂದಿನ ಹಂತದಲ್ಲಿದೆ. ಸಂತೆಯ ಮಹತ್ವದ ಹಾಳೆಗೆ ಹುರುಳು 1, ಎಂದರೆ 2, ಜೋಡಣೆ 2, ಮಾತು 2, ಶುದ್ಧಿ ಪೂರ್ತಿ 4. ಒಟ್ಟು 10.

## ಹಂತ 8: ಇನ್ನೊಬ್ಬರ ಕಣ್ಣಿಗೆ ತೋರಿಸಿ

1961ರಲ್ಲಿ ಅಮೆರಿಕದ ಸಂಶೋಧಕ ಪಾಲ್ ಡೀಡ್ರಿಕ್ ಮತ್ತು ಸಂಗಡಿಗರು 300 ಪ್ರಬಂಧಗಳನ್ನು ಬೇರೆ ಬೇರೆ ಕ್ಷೇತ್ರಗಳ 53 ಜನರಿಗೆ ಕೊಟ್ಟು ಒಂಬತ್ತು ದರ್ಜೆಗಳಲ್ಲಿ ಹಂಚಲು ಹೇಳಿದ್ದರು. ಅಳತೆಗೋಲು ಕೊಟ್ಟಿರಲಿಲ್ಲ. 101 ಪ್ರಬಂಧಗಳಿಗೆ ಒಂಬತ್ತಕ್ಕೆ ಒಂಬತ್ತೂ ದರ್ಜೆ ಬಿದ್ದವು. ಒಬ್ಬರಿಗೆ ತಳದ್ದಾಗಿ ಕಂಡದ್ದು ಇನ್ನೊಬ್ಬರಿಗೆ ತುದಿಯದ್ದಾಗಿ ಕಂಡಿತ್ತು. ಹಾಗಾಗಿ ನಿಮಗೂ ಸಹೋದ್ಯೋಗಿಗೂ ಅಂಕ ಹೊಂದದಿದ್ದರೆ ನಾಚಿಕೆ ಬೇಡ. ಹೋಲಿಸಿ ನೋಡದೇ ಇರುವುದು ಮಾತ್ರ ಸರಿಯಲ್ಲ.

ಮಾಡಬೇಕಾದದ್ದು ಇಷ್ಟೇ. ಕಟ್ಟಿನಿಂದ ಆರು ಹಾಳೆ ತೆಗೆಯಿರಿ, ಪ್ರತಿ ಗುಡ್ಡೆಯಿಂದ ಎರಡು. ಹಿಂಬದಿಯ ಅಂಕ ಕಾಣದಂತೆ ಮುಚ್ಚಿ, ಅಳತೆಗೋಲಿನ ಜೊತೆ ಇನ್ನೊಬ್ಬ ಶಿಕ್ಷಕರಿಗೆ ಕೊಡಿ. ಅವರಿಗೆ ನಿಮ್ಮ ಮಕ್ಕಳ ಅಕ್ಷರದ ಪರಿಚಯ ಇರದಿದ್ದರೆ ಒಳ್ಳೆಯದು, ಪಕ್ಕದ ಶಾಲೆಯವರಾದರೆ ಇನ್ನೂ ಒಳ್ಳೆಯದು. 20ಕ್ಕೆ 2 ಅಂಕದ ವ್ಯತ್ಯಾಸ ಸಹಜ. 3 ಅಥವಾ ಅದಕ್ಕಿಂತ ಹೆಚ್ಚಾದರೆ, ಇಲ್ಲವೇ ಒಂದೇ ಗುಣದಲ್ಲಿ 2 ಮಟ್ಟದ ಅಂತರ ಬಿದ್ದರೆ, ಕೂತು ಮಾತಾಡಿ.

ಮೆಣಸಿನಕಾಯಿ ಹಾಳೆಯ ಜೋಡಣೆಗೆ ನಾನು 4 ಕೊಟ್ಟಿದ್ದೆ. ನೋಡಿಕೊಟ್ಟ ಅಕ್ಕೋರು 2 ಕೊಟ್ಟರು.

"ಮಾಲು ಮಾರಿದ್ರೋ ಇಲ್ಲೋ, ಅದನ್ನ ಬರದೇ ಇಲ್ಲಲ್ರಿ ಆಕಿ?"

"ಕೊನೀ ಸಾಲು ಓದ್ರಿ ಅಕ್ಕೋರ. ದರ ಕಡಿಮಿ ಸಿಕ್ತು ಅನ್ನೂದು ತಿಳೀತೈತಲ್ಲ."

"ತಿಳೀತೈತಿ. ಆದ್ರ ಪ್ಯಾರಾ ಎಲ್ಲಿ? ಮಾರ್ಕೆಟ್ಟು, ಬಸ್ಸು ಎಲ್ಲಾ ಒಂದರಾಗ ತುರುಕ್ಯಾಳ."

ಅವರು ಹೇಳಿದ್ದೂ ಸುಳ್ಳಲ್ಲ. 3ಕ್ಕೆ ಒಪ್ಪಿದೆವು. ಒಟ್ಟು 16, ಐದಕ್ಕೆ 4. ಅದಕ್ಕಿಂತ ಮುಖ್ಯವಾಗಿ ಅಳತೆಗೋಲಿನ ಜೋಡಣೆಯ ಖಾನೆಗೆ ಒಂದು ಸಾಲು ಸೇರಿಸಿದೆವು: "ಹೇಳದೆ ಬಿಟ್ಟದ್ದು ಓದುಗರಿಗೆ ತಾನಾಗಿ ತಿಳಿದರೆ ಅದು ಕೊರತೆಯಲ್ಲ." ಚರ್ಚೆಯಾದ ಪ್ರತಿ ಸಲವೂ ಇಂಥ ಒಂದು ಸಾಲು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಅದೇ ಜಗಳ ಮೊದಲಿನಿಂದ.

ನಡುವಿನ ಗುಡ್ಡೆಯಲ್ಲಿ ಯಾವುದು ಮೇಲು ಯಾವುದು ಕೆಳಗು ಎಂದು ತೋಚದೇ ಇದ್ದರೆ ಅಂಕ ಬಿಟ್ಟುಬಿಡಿ. ಎರಡೆರಡು ಹಾಳೆ ಎದುರುಬದುರು ಇಟ್ಟು "ಇವೆರಡರಲ್ಲಿ ಯಾವುದು ಚೆನ್ನ" ಎಂದಷ್ಟೇ ಕೇಳಿಕೊಳ್ಳಿ. ತಕ್ಕಡಿಯಿಲ್ಲದೆಯೂ ಎರಡು ಕೈಯಲ್ಲಿ ಎರಡು ಈರುಳ್ಳಿ ಹಿಡಿದು ಭಾರದ್ದು ಯಾವುದೆಂದು ಹೇಳಬಲ್ಲೆವಲ್ಲ, ಹಾಗೆ.

## ಎಲ್ಲೋ ಎಡವಿದ್ದೀರಿ ಎನ್ನುವ ಲಕ್ಷಣಗಳು

ಅಂಕ ವಹಿಗೆ ಏರಿಸುವ ಮೊದಲು ದೊಡ್ಡ ಹಾಳೆಯಲ್ಲಿ ಎಲ್ಲ ಅಂಕಗಳನ್ನೂ ನೀವು ಓದಿದ ಕ್ರಮದಲ್ಲೇ ಬರೆದು ನೋಡಿ.

ಮುಕ್ಕಾಲು ಪಾಲು ಮಕ್ಕಳಿಗೆ 5ಕ್ಕೆ 3 ಬಿದ್ದಿದ್ದರೆ ನೀವು ಅಳೆದಿಲ್ಲ, ತಪ್ಪಿಸಿಕೊಂಡಿದ್ದೀರಿ. ಹಂತ 5ರಿಂದ ಮತ್ತೆ ಶುರುಮಾಡಿ. ಕೊನೆಯ ಹತ್ತು ಹಾಳೆಗಳ ಅಂಕ ಮೊದಲ ಹತ್ತಕ್ಕಿಂತ ಎದ್ದು ಕಾಣುವಂತೆ ಇಳಿದಿದ್ದರೆ ಅದು ನಿಮ್ಮ ದಣಿವು. ಆ ಹತ್ತನ್ನು ನಾಳೆ ಬೆಳಿಗ್ಗೆ ಮತ್ತೆ ಓದಿ. ಮುತ್ತು ಪೋಣಿಸಿದಂಥ ಅಕ್ಷರದ ಹಾಳೆಗಳೆಲ್ಲ ಮೇಲಿನ ಗುಡ್ಡೆಯಲ್ಲೇ ಕೂತಿದ್ದರೆ ಅನುಮಾನಪಡಿ, ಅವುಗಳಲ್ಲಿ ಎರಡನ್ನು ಬೇರೆಯವರಿಂದ ಗಟ್ಟಿಯಾಗಿ ಓದಿಸಿ ಕಣ್ಣು ಮುಚ್ಚಿ ಕೇಳಿ. ಹುರುಳು ಮತ್ತು ಶುದ್ಧಿಯ ಅಂಕಗಳು ಎಲ್ಲ ಹಾಳೆಯಲ್ಲೂ ಒಂದೇ ಆಗಿದ್ದರೆ ನೀವು ಹಂತ 6ನ್ನು ಹಾರಿಸಿದ್ದೀರಿ ಎಂದರ್ಥ.

ಮಕ್ಕಳ ಹಾಳೆಗಳಲ್ಲೂ ಒಂದೆರಡು ಲಕ್ಷಣ ಇವೆ. ಆರೇಳು ಹಾಳೆಗಳ ಮೊದಲ ವಾಕ್ಯ ಒಂದೇ ಇದ್ದರೆ ಅದು ಗೈಡಿನದೋ ಟ್ಯೂಷನ್ನಿನದೋ. ಮನೆಯಿಂದ ಬರೆದು ತಂದ ಹಾಳೆಯಲ್ಲಿ ಮಗು ಎಂದೂ ಆಡದ ದೊಡ್ಡ ಪದಗಳು ಸಾಲುಗಟ್ಟಿದ್ದರೆ ಮೊಬೈಲಿನಿಂದ ಇಳಿಸಿದ್ದಿರಬಹುದು. ತರಗತಿಯಲ್ಲಿ ಎಲ್ಲರೆದುರು ಕೇಳಬೇಡಿ. ಹತ್ತಿರ ಕರೆದು "ಈ ಸಾಲು ನನಗ ಬಿಡಿಸಿ ಹೇಳವ್ವ" ಅನ್ನಿ. ಹೇಳಿದರೆ ಅದು ಮಗುವಿನದೇ. ತಡವರಿಸಿದರೆ ಹೇಳಲು ಬಂದಷ್ಟನ್ನೇ ಅಲ್ಲಿಯೇ ಕೂತು ಬರೆಯಲು ಹೇಳಿ, ಅದನ್ನು ಅಳೆಯಿರಿ.

## ಹಂತ 9: ಎರಡು ಸಾಲಿನ ಷರಾ

"ಚೆನ್ನಾಗಿದೆ", "ಇನ್ನೂ ಪ್ರಯತ್ನಿಸು", "ಅಕ್ಷರ ದುಂಡಗೆ ಬರೆ" – ಈ ಮೂರರಿಂದ ಮುಂದಿನ ಸಲ ಏನು ಮಾಡಬೇಕೆಂದು ಯಾವ ಮಗುವಿಗೂ ತಿಳಿಯುವುದಿಲ್ಲ. ಒಂದು ಸಾಲಿನಲ್ಲಿ ಆ ಹಾಳೆಯಲ್ಲೇ ಇರುವ ಒಳ್ಳೆಯದೊಂದನ್ನು ಬೆರಳಿಟ್ಟು ತೋರಿಸಿ, ಇನ್ನೊಂದರಲ್ಲಿ ಮುಂದಿನ ಸಲ ಮಾಡಬೇಕಾದ ಒಂದೇ ಒಂದು ಕೆಲಸ ಹೇಳಿ. ಮೆಣಸಿನಕಾಯಿ ಹಾಳೆಗೆ ನಾನು ಬರೆದದ್ದು: "ಅಪ್ಪ ಮುಖ ನೋಡುತ್ತಿದ್ದರು ಎಂದು ಬರೆದದ್ದರಿಂದ ನನಗೂ ಅವರ ಚಿಂತೆ ತಿಳಿಯಿತು. ಮುಂದಿನ ಸಲ ಜಾಗ ಬದಲಾದಾಗ ಹೊಸ ಪ್ಯಾರಾ ಶುರುಮಾಡು." ಸಂತೆಯ ಮಹತ್ವದ ಹಾಳೆಗೆ: "ಒಂದೂ ಕಾಗುಣಿತ ತಪ್ಪಿಲ್ಲ. ಕಳೆದ ವಾರ ನೀನು ಸಂತೆಯಲ್ಲಿ ಏನು ಕೊಂಡೆ, ಯಾರ ಹತ್ತಿರ ಕೊಂಡೆ? ಅದನ್ನು ಐದು ಸಾಲು ಬರೆದು ತಾ."

ಹಾಳೆ ಹಿಂದಿರುಗಿಸುವಾಗ ಮೊದಲ ದಿನ ಷರಾ ಮಾತ್ರ ಕೊಡಿ, ಅಂಕ ಮರುದಿನ. ಅಂಕ ಕಂಡ ಕೂಡಲೇ ಮಕ್ಕಳ ಕಣ್ಣು ಪಕ್ಕದವರ ಹಾಳೆಗೆ ಹೋಗುತ್ತದೆ, ಷರಾ ಓದುವವರು ಯಾರೂ ಇರುವುದಿಲ್ಲ. ನಡುವಿನ ಆ ಒಂದು ದಿನದಲ್ಲಿ ಒಂದು ಪ್ಯಾರಾ ಮಾತ್ರ ತಿದ್ದಿ ಬರೆಯಲು ಹೇಳಿ. ಪೂರ್ತಿ ಹಾಳೆ ಮತ್ತೆ ಬರೆಸುವುದು ಶಿಕ್ಷೆಯಾಗುತ್ತದೆ.

ಅಂಕದ ಬಗ್ಗೆ ತಕರಾರು ಬಂದರೆ ಅಳತೆಗೋಲನ್ನೂ ಒಂದು ಮಾದರಿ ಹಾಳೆಯನ್ನೂ ಮಗುವಿನ ಮುಂದಿಡಿ, ತನ್ನ ಹಾಳೆಗೆ ತಾನೇ ಮಟ್ಟ ಹಾಕಲಿ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಾನು ಕೊಟ್ಟದ್ದಕ್ಕಿಂತ ಕಡಿಮೆ ಹಾಕಿಕೊಳ್ಳುತ್ತಾರೆ. ಒಬ್ಬ ಮಾತ್ರ ನನ್ನ ಅಳತೆಗೋಲಿನ ಸಾಲನ್ನೇ ತೋರಿಸಿ ಒಂದು ಅಂಕ ಹೆಚ್ಚು ಕೇಳಿದ, ಅವನು ಹೇಳಿದ್ದು ಸರಿಯಿತ್ತು, ಕೊಟ್ಟೆ.

ಕೊನೆಗೆ ಮಾದರಿ ಹಾಳೆಗಳ ಝೆರಾಕ್ಸ್ ಮಾಡಿಸಿ ಹೆಸರಿನ ಮೂಲೆ ಕತ್ತರಿಸಿ ತೆಗೆಯಿರಿ. ಹಿಂಬದಿಯಲ್ಲಿ ಪ್ರಶ್ನೆ, ತರಗತಿ, ತಿಂಗಳು, ಕೊಟ್ಟ ಮಟ್ಟ, ಮತ್ತು ಆ ಮಟ್ಟ ಏಕೆ ಎಂಬ ಒಂದು ಸಾಲು ಬರೆದು ಫೈಲಿಗೆ ಹಾಕಿ. ಮುಂದಿನ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವೆ ನಡೆಯುವ ಪರೀಕ್ಷೆಯ) ಕಟ್ಟು ಬಿಚ್ಚುವ ಮೊದಲು ಹತ್ತು ನಿಮಿಷ ಆ ಫೈಲು ಓದಿಕೊಳ್ಳಿ.